ಎರಡು ಸೈಜ್ ದೊಡ್ಡದು

“ಅಳತೆಗೆ ಸರಿಯಾಗಿದೆ. ಇದನ್ನೇ ಕೊಡಿ, ಒಂದೇ ಜೊತೆ ಸಾಕು,” ಎಂದಳು ತಾಯಿ.

ಯೂನಿಫಾರ್ಮ್ ಅಂಗಡಿಯವನ ಕೈ ಅಲ್ಲೇ ನಿಂತಿತು. ಮಗಳ ಬೆನ್ನಿಗೆ ಹಿಡಿದಿದ್ದ ನೀಲಿ ಅಂಗಿಯನ್ನೊಮ್ಮೆ ನೋಡಿದ, ತಾಯಿಯ ಮುಖವನ್ನೊಮ್ಮೆ ನೋಡಿದ. ಆಮೇಲೆ ಅಂಗಡಿಗೆಲ್ಲ ಕೇಳುವಂತೆ ನಕ್ಕ.

“ಅಕ್ಕಾ, ಹುಷಾರಾಗಿದೀರಿ ತಾನೇ? ಪ್ರತಿ ವರ್ಷ ಎರಡು ಸೈಜ್ ದೊಡ್ಡದು ಕೊಡಿ, ಮುಂದಿನ ವರ್ಷಕ್ಕೂ ಬರ್ಲಿ ಅಂತ ನನ್ನ ಪ್ರಾಣ ತಿಂತಿದ್ರಿ. ಹೋದ ಸಲ ಅಂಗಿಯೊಳಗೆ ಮಗು ಎಲ್ಲಿದೆ ಅಂತ ಹುಡುಕಬೇಕಾಗಿತ್ತು!”

ಅವನದು ಬರೀ ತಮಾಷೆ. ಆದರೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿದ್ದ ಗಂಡ ತಲೆ ಎತ್ತಿದ.

ನಾಳೆ ಅವನು ಕೆಲಸಕ್ಕೆ ಹೋದ ಮೇಲೆ ಅವಳು ಮಗಳನ್ನು ಕರೆದುಕೊಂಡು ಮನೆ ಬಿಡುವವಳಿದ್ದಳು. ದೂರದ ಊರಿನಲ್ಲಿ ತಂಗಿ ಒಂದು ಕೋಣೆ ಖಾಲಿ ಮಾಡಿಟ್ಟಿದ್ದಳು, ಅಲ್ಲಿಯ ಶಾಲೆಯಲ್ಲಿ ಸೀಟಿಗೂ ಹೇಳಿಟ್ಟಿದ್ದಳು. ಆ ಶಾಲೆಯ ಯೂನಿಫಾರ್ಮ್ ಹಸಿರು. ಈ ನೀಲಿ ಅಂಗಿಯನ್ನು ಮಗಳು ಒಂದು ದಿನವೂ ತೊಡುವುದಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಅಂಗಡಿಗೆ ಬಾರದಿದ್ದರೆ ಅವನಿಗೆ ಅನುಮಾನ ಬರುತ್ತದೆ ಎಂದು ಬಂದಿದ್ದಳು, ಅಷ್ಟೇ. ಒಂದು ಬ್ಯಾಗೂ ಬೇಕಿತ್ತು. ಮನೆಯ ಸೂಟ್‌ಕೇಸು ಅವನ ಬೀರುವಿನಲ್ಲಿತ್ತು, ಬೀರುವಿನ ಕೀ ಅವನ ಜೇಬಿನಲ್ಲಿತ್ತು. ಶಾಲೆಯ ಬ್ಯಾಗು ಹಿಡಿದು ಹೊರಟರೆ ಎಲ್ಲಿಗೆ ಎಂದು ನೆರೆಯವರು ಯಾರೂ ಕೇಳುವುದಿಲ್ಲ. ಹೀಗೆ ಎಲ್ಲವನ್ನೂ ಯೋಚಿಸಿದ್ದಳು ಪಾಪ. ಆದರೆ ಸೈಜ್ ಹೆಚ್ಚಿದಷ್ಟೂ ಬೆಲೆ ಹೆಚ್ಚು, ತೊಡದ ಬಟ್ಟೆಗೆ ಅಷ್ಟು ದುಡ್ಡು ಸುರಿಯಲು ಮಾತ್ರ ಅವಳಿಗೆ ಮನಸ್ಸು ಬರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಈ ಹಾಳು ಜಿಪುಣತನ ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರಬಾರದಿತ್ತೇ!

“ಹೌದಲ್ಲ, ಮರೆತೇಹೋಯ್ತು ನೋಡಿ,” ಎಂದಳು ಅವಸರವಸರವಾಗಿ. “ದೊಡ್ಡದೇ ಕೊಡಿ. ಎರಡು ಸೈಜ್... ಮೂರಾದ್ರೂ ಪರವಾಗಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮಾತು ಆಡಿದ ಮೇಲೆ ಅದು ಅವಳಿಗೇ ಗೊತ್ತಾಯಿತು.

ಗಂಡ ಎದ್ದು ಬಂದ. ಮನೆಯ ಹೊರಗೆ ಅವನಿಗೆ ಯಾವತ್ತೂ ಸಿಟ್ಟು ಬರುತ್ತಿರಲಿಲ್ಲ. “ಬ್ಯಾಗ್ ಯಾವುದು ಆರಿಸಿದ್ದೀಯ, ಇದಾ?” ಎನ್ನುತ್ತ ಗೋಡೆಯ ಮೊಳೆಗೆ ತೂಗಿಹಾಕಿದ್ದ ದೊಡ್ಡ ಬ್ಯಾಗಿನತ್ತ ಕೈ ಎತ್ತಿದ. ಪಕ್ಕದಲ್ಲಿದ್ದ ಮಗಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಕುಗ್ಗಿ ನಿಂತಳು. ಅವನು ಬ್ಯಾಗನ್ನು ಇಳಿಸಿ, ಅವಳ ತಲೆ ಸವರಿದ.

“ಎರಡನೇ ಕ್ಲಾಸಿಗೆ ಇಷ್ಟೊಂದು ಪುಸ್ತಕ ಇರತ್ತಾ?”

“ಮುಂದಿನ ವರ್ಷಕ್ಕೂ ಆಗ್ಲಿ ಅಂತ...”

“ಓಹೋ. ಅಂಗಿ ಈ ವರ್ಷಕ್ಕೆ ಸಾಕು, ಬ್ಯಾಗ್ ಮಾತ್ರ ಮುಂದಿನ ವರ್ಷಕ್ಕೂ ಬೇಕು.” ಅವನು ಜಿಪ್ ಎಳೆದು, ಒಳಗೆ ಕೈಯಿಟ್ಟು ತಳ ಮುಟ್ಟಿ ನೋಡಿದ. “ನಾಲ್ಕಾರು ಬಟ್ಟೆ ಆರಾಮಾಗಿ ಹಿಡಿಸತ್ತೆ. ಅವಳದೂ, ನಿಂದೂ. ಅಲ್ವಾ?”

ಅಂಥ ಸೆಕೆಯಲ್ಲೂ ಅವಳು ತೊಟ್ಟಿದ್ದ ಬಿಳಿ ತುಂಬುತೋಳಿನ ಅಂಗಿಯೊಳಗೆ ಮೊನ್ನೆಯ ಪೆಟ್ಟು ಮತ್ತೆ ನೋಯತೊಡಗಿತು.

ಗಂಡ ಅಂಗಡಿಯವನ ಕಡೆ ತಿರುಗಿದ. “ಎರಡು ಸೈಜ್ ದೊಡ್ಡದೇ ಕೊಡಿ, ಮೂರು ಜೊತೆ. ಎಷ್ಟು ವರ್ಷ ಬಂದ್ರೂ ಬರ್ಲಿ, ಇವಳು ಇಲ್ಲೇ ತಾನೇ ಓದೋದು? ಬ್ಯಾಗೂ ಇರ್ಲಿ.”

“ಪುಣ್ಯ ಮಾಡಿದೀರಿ ಅಕ್ಕಾ, ಎಂಥಾ ಭಾವ!” ಎಂದ ಅಂಗಡಿಯವ. “ಬೇರೆ ಗಂಡಸ್ರು ಒಂದು ಕಾಲುಚೀಲ ತಗೊಳ್ಳೋಕೂ ಗೊಣಗ್ತಾರೆ.”

ಅವನು ಕಪ್ಪು ಬಣ್ಣದ ಡಬ್ಬಿ, ಕುಂಚ ಹೊರತೆಗೆದ. ಬ್ಯಾಗು ಕೊಂಡವರಿಗೆ ಪುಕ್ಕಟೆಯಾಗಿ ಹೆಸರು ಬರೆದುಕೊಡುವುದು ಆ ಅಂಗಡಿಯ ಪದ್ಧತಿ. ಹೊರಗಡೆ ಬರೆದರೆ ಅಂದ ಕೆಡುತ್ತದೆಂದು ಬೆನ್ನಿಗೆ ತಾಗುವ ಕಡೆ ಬರೆಯುತ್ತಿದ್ದ.

“ಮಗು ಹೆಸರು, ಕ್ಲಾಸು ಹೇಳಿ ಭಾವ.”

“ಹೆಸರು ಬೇಡ. ನನ್ನ ಫೋನ್ ನಂಬರ್ ಬರೀರಿ, ದೊಡ್ಡದಾಗಿ.” ಅವನು ಹೆಂಡತಿಯ ಮುಖವನ್ನೇ ನೋಡುತ್ತಿದ್ದ. “ಯಾವ ಊರಲ್ಲಿ ಕಳೆದುಹೋದ್ರೂ ಯಾರಾದ್ರೂ ಒಬ್ರು ಫೋನ್ ಮಾಡ್ತಾರೆ. ನಾನೇ ಹೋಗಿ ಕರ್ಕೊಂಡು... ಅಲ್ಲಲ್ಲ, ತಗೊಂಡು ಬರ್ತೀನಿ.”

“ಇದು ಎಷ್ಟು ಒಗೆದ್ರೂ ಹೋಗಲ್ಲ ಬಿಡಿ,” ಎಂದು ಅಂಗಡಿಯವ ನಾಲಿಗೆಯ ತುದಿ ಹೊರಚಾಚಿ, ಒಂದೊಂದೇ ಅಂಕೆಯನ್ನು ಮುದ್ದಾಗಿ ತಿದ್ದಿದ.

ಗಂಡ ಬ್ಯಾಗನ್ನು ಎತ್ತಿ ಮಗಳ ಹೆಗಲಿಗಲ್ಲ, ಹೆಂಡತಿಯ ಹೆಗಲಿಗೆ ಹಾಕಿದ. “ನೀನೇ ಹೊತ್ಕೋ. ನಿಂಗೆ ತಾನೇ ಬೇಕಾಗಿದ್ದು?”

“ಭಾವ, ಬಣ್ಣ ಇನ್ನೂ ಹಸಿ ಇದೆ. ಸ್ವಲ್ಪ ಆರ್ಲಿ.”

“ದಾರೀಲಿ ಆರತ್ತೆ,” ಎಂದು ಅವನು ಎರಡೂ ಪಟ್ಟಿಗಳನ್ನು ಎಳೆದು ಬಿಗಿ ಮಾಡಿದ.

ಬೀದಿಯಲ್ಲಿ ಅವನು ಯೂನಿಫಾರ್ಮ್ ಪೊಟ್ಟಣ ಹಿಡಿದು ಮುಂದೆ ಮುಂದೆ ನಡೆದ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಖಾಲಿ ಬ್ಯಾಗಿಗೇ ಅವಳ ಹೆಗಲು ಸೋತಿತ್ತು. ರಸ್ತೆ ದಾಟುವಲ್ಲಿ ನಿಂತು, ಬಿಗಿದ ಪಟ್ಟಿಯಿಂದ ಒಂದು ತೋಳನ್ನು ಬಿಡಿಸಿಕೊಂಡಳು. ಬ್ಯಾಗು ಬೆನ್ನಿನಿಂದ ಪಕ್ಕಕ್ಕೆ ಜಾರಿತು.

ಹಿಂದೆ ಬರುತ್ತಿದ್ದ ಮಗಳು ಅವಳ ಅಂಗಿ ಜಗ್ಗಿ, ಮನೆಯಲ್ಲಿ ಮಾತಾಡುವ ಹಾಗೆ ಪಿಸುದನಿಯಲ್ಲಿ ಹೇಳಿದಳು:

“ಅಮ್ಮಾ, ನಿನ್ನ ಬೆನ್ನ ಮೇಲೆ ಅಪ್ಪನ ನಂಬರ್ ಅಂಟ್ಕೊಂಡಿದೆ.”