ಬಳೆಯ ಸುತ್ತ ಏಳು ಹೆಸರು

ರಾತ್ರಿ ಹನ್ನೊಂದಕ್ಕೆ ಬಾಗಿಲ ಚಿಲಕ ಮೆಲ್ಲಗೆ ಸದ್ದು ಮಾಡಿತು. ನಮ್ಮ ಲೈನಿನಲ್ಲಿ ಕಾಲರ್ ಹೊಲಿಯುವ ಹುಡುಗಿ ನಿಂತಿದ್ದಳು.

"ಅಕ್ಕ, ಅರ್ಜೀಲಿ ನನ್ನ ಹೆಸ್ರು ಅಳಿಸಿಬಿಡಿ."

ಗರ್ಭ ತೆಗೆಸಿಕೊಂಡು ಹತ್ತು ದಿನ ಮಲಗಿದ್ದಕ್ಕೆ ಪುಟ್ಟಲಕ್ಷ್ಮಿಯನ್ನು ಗಾರ್ಮೆಂಟ್ಸಿನವರು ಕೆಲಸದಿಂದ ತೆಗೆದಿದ್ದರು. ಅವಳನ್ನು ಮತ್ತೆ ಸೇರಿಸಿಕೊಳ್ಳಿ, ಕಾನೂನಿನಲ್ಲಿರುವ ರಜೆ ಕೊಡಿ ಎಂದು ನಾವು ಏಳು ಜನ ಅರ್ಜಿ ಬರೆದು, ಬೆಳಿಗ್ಗೆ ಕೊಡಲೆಂದು ನನ್ನ ಬಳಿ ಇಟ್ಟಿದ್ದೆವು. ನಮ್ಮಲ್ಲಿ ಲೀಡರ್ ಯಾರೂ ಇರಲಿಲ್ಲ. ಮೊದಲು ಸಹಿ ಹಾಕಿದವಳು ಯಾರೆಂದು ಮ್ಯಾನೇಜರಿಗೆ ತಿಳಿಯಬಾರದೆಂದು ಹಾಳೆಯ ಮೇಲೆ ಒಂದು ಬಳೆ ಇಟ್ಟು, ಅದರ ಸುತ್ತ ದುಂಡಗೆ ಹೆಸರು ಬರೆದಿದ್ದೆವು.

"ಯಾಕೆ, ಮ್ಯಾನೇಜರ್ ಭಯಾನಾ?"

"ಅವನ್ಯಾವ ಲೆಕ್ಕ ಬಿಡಿ. ನಮ್ಮತ್ತೆ ಕಿವಿಗೆ ಬಿದ್ರೆ, ನೀನೂ ತೆಗೆಸ್ಕೊಂಡಿದೀಯ ಅಂತಾರೆ. ನಾನೊಬ್ಳು ಇಲ್ದಿದ್ರೇನು, ಮಿಕ್ಕೋರು ಇದೀರಲ್ಲ. ಯಾರಿಗೂ ಹೇಳ್ಬೇಡಿ, ಆಣೆ ಇಡಿ."

ಆಣೆ ಇಟ್ಟೆ. ಅವಳ ಹೆಸರಿನ ಮೇಲೆ ವೈಟ್ನರ್ ಬಳಿದೆ.

ಬೆಳಗಾಗುವುದರೊಳಗೆ ಚಿಲಕ ಇನ್ನೂ ಐದು ಸಲ ಸದ್ದು ಮಾಡಿತು. ಐವರೂ ಒಬ್ಬೊಬ್ಬರಾಗಿ ಬಂದು, ಅದನ್ನೇ ಕೇಳಿ, ಆಣೆ ಇಡಿಸಿಕೊಂಡು ಹೋದರು.

ಬೆಳಿಗ್ಗೆ ಫ್ಯಾಕ್ಟರಿ ಗೇಟಿನ ಹೊರಗೆ ಪುಟ್ಟಲಕ್ಷ್ಮಿ ಕಾಯುತ್ತಿದ್ದಳು. ನಮ್ಮನ್ನು ಕಂಡವಳೇ ಬಂದು ನನ್ನ ಕೈ ಹಿಡಿದುಕೊಂಡಳು.

"ಎಲ್ರೂ ಜೊತೇಲಿ ಇದೀರಿ ತಾನೆ ಅಕ್ಕ?"

"ಎಲ್ರೂ ಇದೀವಿ ಕಣೆ," ಎಂದಳು ರಾತ್ರಿ ಮೊದಲು ಬಂದಿದ್ದವಳು. ಉಳಿದ ಐವರೂ ತಲೆಯಾಡಿಸಿದರು.

ನಾನೂ ತಲೆಯಾಡಿಸಿದೆ. ಬೆಳಗಿನ ಜಾವ ಹಾಳೆಯಲ್ಲಿ ಉಳಿದಿದ್ದ ಹೆಸರು ನನ್ನದೊಂದೇ. ಅದರ ಮೇಲೂ ವೈಟ್ನರ್ ಬಳಿದೆನೆಂದು ನಾನು ಯಾರಿಗೂ ಹೇಳುವುದಿಲ್ಲ.