ಐದನೇ ಬಾಗಿಲು

“ಊಹೂಂ, ಚೌಕಟ್ಟು ಇನ್ನೂ ಒಂದು ನೂಲು ಸಣ್ಣದಿರಬೇಕು,” ಎಂದು ಕನ್ನಡಕದಂಗಡಿಯ ಯಜಮಾನರು ಒಂದು ಕಣ್ಣು ಮುಚ್ಚಿ ನೋಡಿ ನಾಲ್ಕನೇ ಮಾದರಿ ಬಾಗಿಲನ್ನೂ ಪಕ್ಕಕ್ಕಿಟ್ಟಾಗ ಅವರ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಯ ಕಪಾಟುಗಳಿಗೆ ಬೇಕಾಗಿದ್ದದ್ದು ಸುತ್ತ ಚೌಕಟ್ಟು, ನಡುವೆ ಸಪಾಟು ಹಲಗೆಯ, ‘ಶೇಕರ್’ ಅನ್ನುವ ಸಾದಾ ನಮೂನೆಯ ಬಾಗಿಲು, ಅಷ್ಟೇ. ಅಷ್ಟಕ್ಕೇ ತಿಂಗಳಿಂದ ಕಪಾಟುಗಳೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದವು. ಡ್ರಾಯರಿಲ್ಲದ ಗೂಡಿನಲ್ಲಿ ಬೆಕ್ಕು ಸಂಸಾರ ಹೂಡಿತ್ತು.

“ಅಮ್ಮಾ, ನನ್ನ ಬಿಟ್ಟುಬಿಡಿ. ಇವತ್ತು ಒಪ್ಪದಿದ್ರೆ ನಾಳೆಯಿಂದ ಬೇರೆ ಕೆಲಸಕ್ಕೆ ಹೊರಟೆ,” ಎಂದು ಬಡಗಿ ಕೈಮುಗಿದ. ಹೆಂಡತಿ ಅವನನ್ನು ಹಜಾರಕ್ಕೆ ಕರೆದೊಯ್ದು ಕಿವಿಯಲ್ಲಿ ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಅವನು ಇನ್ನೊಂದು ಬಾಗಿಲನ್ನು ಎಳೇ ಮಗುವಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಬಂದ.

ಯಜಮಾನರು ಅದರ ಮೇಲೆ ಬೆರಳಾಡಿಸಿದರು, ಮೂಗಿಗೆ ಹಿಡಿದರು. “ಬಾಗಿಲು ಅಂದ್ರೆ ಇದಪ್ಪಾ! ಹೊಸ ಮರದ ಘಮ ನೋಡೇ! ಇಂಥದ್ದನ್ನ ಈ ಜನ್ಮದಲ್ಲಿ ಕಂಡಿರಲಿಲ್ಲ. ಎಲ್ಲಿತ್ತಯ್ಯಾ ಇದು?”

ಬಡಗಿ ಚಾವಣಿ ನೋಡಿದ. ಹೆಂಡತಿ ಗಂಡನ ತೋಳು ಹಿಡಿದು ಹಜಾರದ ಚಪ್ಪಲಿ ಕಪಾಟಿನ ಮುಂದೆ ನಿಲ್ಲಿಸಿದರು. ಅದಕ್ಕೆ ಬಾಗಿಲಿರಲಿಲ್ಲ, ಒಳಗಿನಿಂದ ಅವರದೇ ಬೂಟುಗಳು, ಬೂಟಿನೊಳಗಿಂದ ನಿನ್ನೆಯ ಕಾಲುಚೀಲಗಳು ಇಣುಕುತ್ತಿದ್ದವು. “ಮದುವೆಯಾದಾಗಿನಿಂದ ದಿನಾ ಎರಡು ಸಲ ಈ ಬಾಗಿಲನ್ನೇ ತೆಗೆದು ಮುಚ್ತಿದ್ದೀರಲ್ರೀ!”

ಯಜಮಾನರು ಕಾಲುಚೀಲ ನೋಡಿದರು, ಕೈಲಿದ್ದ ಬಾಗಿಲು ನೋಡಿದರು, ಮೆಲ್ಲಗೆ ಮೂಗು ಒರೆಸಿಕೊಂಡರು. “ಎಲ್ಲಾ ಇದೇ ಥರ ಮಾಡಯ್ಯಾ, ಆ ಘಮ ಒಂದು ಬಿಟ್ಟು!” ಎಂದವರೇ, ಬಡಗಿಯ ನಗುವೂ ಹೆಂಡತಿಯ ನಗುವೂ ಕೇಳಿಸದಷ್ಟು ಜೋರಾಗಿ ನಗತೊಡಗಿದರು.