ಬ್ಯಾಗಿನ ಹೊಟ್ಟೆಯಲ್ಲಿದ್ದ ಪಾಸ್‌ಪೋರ್ಟು

ಪಾಸ್‌ಪೋರ್ಟು ಬ್ಯಾಗಿನ ಹೊಟ್ಟೆಯೊಳಗಿತ್ತು. ಗಡಿಯ ಗೇಟಿನ ಮುಂದೆ, ಇಡೀ ಸಾಲು ನೋಡುತ್ತಿರುವಾಗ, ಗಂಡ ಮಹಾಶಯ ಕುಕ್ಕರಗಾಲಿನಲ್ಲಿ ಕೂತು ಡೇರೆ, ಸ್ವೆಟರು, ಬನಿಯನ್ನು ಎಂದು ಒಂದೊಂದೇ ಹೊರಗೆಳೆಯುತ್ತಿದ್ದ. ಮನೆ ಬದಲಿಸುವವರ ಸಾಮಾನು ಕಟ್ಟಿಕೊಡುವುದು ಅವನ ಕಸುಬು. ಬೆಲೆಬಾಳುವುದು ನಡುಮಧ್ಯದಲ್ಲಿರಬೇಕು, ಸುತ್ತ ಬಟ್ಟೆ, ಅದರ ಮೇಲೆ ಟೇಪು. ಅವನಿಗೆ ಅದು ವೇದವಾಕ್ಯ.

"ಪಾಸ್‌ಪೋರ್ಟಿಗೂ ಟೇಪು ಸುತ್ತಿದ್ದೀರಲ್ರೀ! ಅದೇನು ಗಾಜಿನ ಲೋಟಾನಾ?" ಹೆಂಡತಿ ಹಲ್ಲು ಕಡಿದಳು.

"ಕಳೀಬಾರದು ಅಂತ ನೀನೇ ತಾನೇ ಬಡ್ಕೊಂಡಿದ್ದು?"

ಮದುವೆಯಾದಾಗಿನಿಂದ ಅವಳು ಕನಸು ಕಂಡಿದ್ದ ಬೆಟ್ಟಗಳು ಗೇಟಿನಾಚೆ ನಿಂತಿದ್ದವು. ಆ ಕಡೆಯ ಗಲಾಟೆ ತಣ್ಣಗಾಗಿದೆ ಎಂದು ಕೇಳಿಯೇ ಇಬ್ಬರೂ ಬೆನ್ನಿಗೆ ಬ್ಯಾಗು ಏರಿಸಿ ಹೊರಟಿದ್ದರು. ಹಿಂದೆ ನಿಂತಿದ್ದ ಕಾಲೇಜು ಹುಡುಗಿಯೂ ಅದೇ ಬೆಟ್ಟಕ್ಕೆ ಹೊರಟವಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆಂಡತಿಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೊಡೆದಿದ್ದಳು.

"ನೀನು ಮುಂದೆ ಹೋಗಮ್ಮ," ಎಂದು ಹೆಂಡತಿ ಅವಳ ಬೆನ್ನು ತಟ್ಟಿ ಮುಂದೆ ತಳ್ಳಿದಳು. "ಈ ಪುಣ್ಯಾತ್ಮ ಗಂಟು ಬಿಚ್ಚೋದು ಇವತ್ತಿಗೆ ಮುಗಿಯಲ್ಲ."

ಹುಡುಗಿ ನಗುತ್ತ ಮುದ್ರೆ ಹಾಕಿಸಿಕೊಂಡು ಗೇಟು ದಾಟಿದಳು. ಆಚೆಯವರ ಗೇಟಿಗೆ ಇನ್ನೂ ಒಂದು ಉದ್ದನೆಯ ಬೀದಿಯಷ್ಟು ದೂರ. ಅವಳು ಅರ್ಧ ದಾರಿಯಲ್ಲಿದ್ದಾಗ ಆ ಕಡೆ ಢಂ ಎಂದಿತು. ಕಪ್ಪು ಹೊಗೆ ಎದ್ದಿತು. ಈಚೆಯ ಗೇಟು ಧಡಾರನೆ ಮುಚ್ಚಿಕೊಂಡಿತು.

"ಗಡಿ ಬಂದ್! ಎಲ್ಲ ಹಿಂದಕ್ಕೆ ನಡೀರಿ!" ಕಾವಲಿನವನು ಕೂಗಿದ.

ಹೆಂಡತಿಯ ಜೀವ ಬಾಯಿಗೆ ಬಂತು. "ಅಯ್ಯೋ, ಆ ಮಗೂನ ನಾನೇ ತಳ್ಳಿದ್ನಲ್ರೀ!" ಗಂಡ ಬನಿಯನ್ನುಗಳನ್ನೆಲ್ಲ ನೆಲದ ಮೇಲೇ ಬಿಟ್ಟು ಕಾವಲಿನವನ ಹತ್ತಿರ ಓಡಿದ. ಕೈ ಮುಗಿದ, ಬೇಡಿಕೊಂಡ, ಕೊನೆಗೆ ಜಗಳಕ್ಕೇ ನಿಂತ. ಹೊಗೆಯೊಳಗೆ ಯಾರಿದ್ದಾರೆಂದೇ ಕಾಣುತ್ತಿರಲಿಲ್ಲ. ಹೆಂಡತಿ ನಂಬಿದ, ನಂಬದ ದೇವರನ್ನೆಲ್ಲ ಕರೆದಳು.

ಪಕ್ಕದ ಕಿರುಬಾಗಿಲು ತೆರೆಯಿತು. ಕೆಮ್ಮುತ್ತ ನಾಲ್ಕಾರು ಜನ ಒಳಗೆ ನುಗ್ಗಿದರು. ಕೊನೆಯಲ್ಲಿ ಹುಡುಗಿ, ಬರಿಗೈಯಲ್ಲಿ, ಬರಿಗಾಲಲ್ಲಿ. "ಬ್ಯಾಗು ಅಲ್ಲೇ ಬಿಸಾಕಿ ಓಡಿ ಬಂದೆ ಆಂಟಿ," ಎಂದವಳನ್ನು ಹೆಂಡತಿ ತಬ್ಬಿಕೊಂಡು ಅತ್ತೂ ನಕ್ಕೂ ಸುಸ್ತಾದಳು. ಅಬ್ಬಾ, ಹೋದ ಜೀವ ಬಂದಂತಾಯಿತು.

"ಬೆಟ್ಟ ಎಲ್ಲೂ ಓಡಿ ಹೋಗಲ್ಲ ಬಿಡು," ಎಂದು ಗಂಡ ತನ್ನ ಚಪ್ಪಲಿಯನ್ನು ಹುಡುಗಿಯ ಮುಂದಿಟ್ಟ. "ಈ ಕಡೆ ಒಂದು ದೊಡ್ಡ ಕೆರೆ ಇದೆಯಂತೆ. ಮೂವರೂ ಅಲ್ಲಿಗೇ ಹೋಗಿ ಡೇರೆ ಹಾಕೋಣ."

ಬಸ್ ನಿಲ್ದಾಣದಲ್ಲಿ ಹುಡುಗಿ ಇವರ ಫೋನಿನಿಂದ ಮನೆಗೆ ಮಾತಾಡಿದಳು. "ಇಲ್ಲಮ್ಮಾ, ನಾನು ಗೇಟು ದಾಟ್ಲೇ ಇಲ್ಲ. ಜೊತೆಗೊಬ್ರು ಆಂಟಿ ಇದ್ರು, ಬಿಡಲೇ ಇಲ್ಲ." ಹೇಳಿದವಳೇ ತುಟಿಗೆ ಬೆರಳಿಟ್ಟು ಫೋನನ್ನು ಹೆಂಡತಿಯ ಕೈಗೆ ತುರುಕಿದಳು.

ಫೋನಿನಲ್ಲಿ ಹುಡುಗಿಯ ತಾಯಿ ಬಿಕ್ಕುತ್ತಿದ್ದಳು. "ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ. ನೀವು ಹಿಡ್ಕೊಳ್ದೇ ಇದ್ದಿದ್ರೆ ನನ್ನ ಮಗಳ ಗತಿ ಏನಾಗ್ತಿತ್ತೋ!"

ಹೆಂಡತಿ ಹುಡುಗಿಯ ಕಡೆ ನೋಡಿದಳು. "ಹೂಂ ಕಣಮ್ಮಾ, ಹಿಡ್ಕೊಂಡಿದೀನಿ," ಎಂದಳು. ಎಂದ ಮೇಲೆ ಕೈ ಚಾಚಿ ಹುಡುಗಿಯ ಮಣಿಕಟ್ಟನ್ನು ಹಿಡಿದುಕೊಂಡಳು.